ಹಾಜರಿಯಲ್ಲಿ ಕೂಗದ ಹೆಸರು

ಬಾಳೂರು,
೨೫-೨-೨೦೦೪, ಬುಧವಾರ

ಪ್ರೀತಿಯ ರಶ್ಮಿ ಅಕ್ಕಾ,

ಹೇಗಿದ್ದೀಯ? ಕಾಲ್ಬೆರಳು ಮರಗಟ್ಟುವುದು ನಿಂತಿತಾ? ಅಲ್ಲಿ ಮೂಗಿನೊಳಗಿನ ಕೂದಲೂ ಹೆಪ್ಪುಗಟ್ಟುತ್ತದೆ ಎಂದು ನೀನು ಬರೆದಿದ್ದನ್ನು ಮುದ್ದಮ್ಮಜ್ಜಿಗೆ ಓದಿ ಹೇಳಿದ್ದೇ ನನ್ನ ತಪ್ಪಾಯಿತು. ಅಂದಿನಿಂದ ದಿನಕ್ಕೆ ಎರಡು ಸಲ "ಆ ಹುಡ್ಗಿ ಮೂಗಿಗೆ ಎಂತ ಹಚ್ಕೊಳ್ತದೆ ಕೇಳೇ" ಎನ್ನುತ್ತಾರೆ. ಕೊಬ್ಬರಿ ಎಣ್ಣೆ ಹಚ್ಚಿಕೊ. ಎಣ್ಣೆಯೂ ಅಲ್ಲಿ ಕಲ್ಲಾಗುತ್ತದೋ ಏನೋ. ಊಟ ಬಿಡಬೇಡ. ಮೀನಿನ ವಾಸನೆಗೆ ಊಟದ ಮನೆಯಿಂದ ಎದ್ದು ಬಂದೆ ಎಂದು ಬರೆದಿದ್ದೆ, ಆಮೇಲೆ ಏನು ತಿಂದೆ ಎಂದು ಬರೆಯಲೇ ಇಲ್ಲ. ಅಮ್ಮ ಅದನ್ನೇ ಕೇಳುತ್ತಿದ್ದಾರೆ.

ಇಲ್ಲಿ ನಾವೆಲ್ಲ ಆರೋಗ್ಯವಾಗಿದ್ದೇವೆ. ಅಮ್ಮನ ಸೊಂಟನೋವು ಇದ್ದ ಹಾಗೇ ಇದೆ, ಹೆಚ್ಚಿಲ್ಲ. ಶಿವರಾತ್ರಿಯ ದಿನ ಅಜ್ಜಿ ಯಾರು ಹೇಳಿದರೂ ಕೇಳದೆ ಉಪವಾಸ ಮಾಡಿದರು, ಮಾರನೆಯ ದಿನ ನಾಲ್ಕು ಕಡುಬು ತಿಂದು ಸರಿಹೋದರು. ರೊಬಸ್ಟಾ ಕಾಫಿಯ ಕುಯಿಲು ಮುಗಿಯುತ್ತ ಬಂದಿದೆ. ಕಣದ ತುಂಬ ಹಣ್ಣು ಒಣಗುತ್ತಿದೆ. ಕಾಫಿ ಹೂ ಬಿಡಿಸುವ ಹೂಮಳೆ ಮುಂಚೆ ಬಂದುಬಿಟ್ಟರೆ ಕಷ್ಟ ಎಂದು ಅಪ್ಪ ದಿನಾ ಆಕಾಶ ನೋಡುತ್ತಾರೆ. ನಿನ್ನ ಫೋಟೋವನ್ನು ಎಸ್ಟೇಟ್ ಆಫೀಸಿನ ತಮ್ಮ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ. ಯಾರು ಬಂದರೂ "ನಮ್ಮ ದೊಡ್ಡೋಳು, ಫಿನ್ಲೆಂಡಲ್ಲಿ ಪತ್ರಿಕೋದ್ಯಮ ಓದ್ತಿದಾಳೆ, ಐದು ತಿಂಗಳ ಮಟ್ಟಿಗೆ" ಎಂದು ತೋರಿಸುತ್ತಾರೆ. ಐದು ತಿಂಗಳು ಅನ್ನುವುದನ್ನು ಮಾತ್ರ ಸ್ವಲ್ಪ ಮೆಲ್ಲಗೆ ಹೇಳುತ್ತಾರೆ.

ನೀನು ಹೋಗಿ ಒಂದು ವಾರಕ್ಕೆ ಫಿನ್ಲೆಂಡಿನ ಹುಡುಗಿ ಐನೋ ಬಂದಳಲ್ಲ, ಆ ಮೂರು ವಾರದ ಸುದ್ದಿಯನ್ನು ನಿನಗೆ ಪೂರ್ತಿ ಬರೆದೇ ಇಲ್ಲ. ಎರಡು ಯೂನಿವರ್ಸಿಟಿಗಳ ನಡುವೆ ಒಪ್ಪಂದ, ಇಲ್ಲಿಂದ ಇಬ್ಬರು ಅಲ್ಲಿಗೆ, ಅಲ್ಲಿಂದ ಇಬ್ಬರು ಇಲ್ಲಿಗೆ, ಬಂದವರು ಒಂದು ಮನೆಯಲ್ಲಿ ಉಳಿದು ಕಂಡದ್ದನ್ನು ಬರೆಯಬೇಕು ಎಂದು ನೀನು ಅಜ್ಜಿಗೆ ಎಷ್ಟು ಬಿಡಿಸಿ ಹೇಳಿದ್ದೆ. ಐನೋ ಜೀಪಿನಿಂದ ಇಳಿಯುತ್ತಿದ್ದ ಹಾಗೆ ಅಜ್ಜಿ ಅಪ್ಪನನ್ನು ಕೇಳಿದ್ದೇನು ಗೊತ್ತಾ? "ನಮ್ಮುಡ್ಗಿ ಕೊಟ್ಟು ಅವ್ರುಡ್ಗಿ ತಂದ್ಕೊಂಡ್ಯಲ್ಲ ರೇವಣ್ಣ, ಸಾಟಿ ಮದ್ವೆ ಆದಂಗಾಯ್ತು. ಇವಳ ಗಂಡ ಎಲ್ಲಿ?" ಮೈಸೂರಿನಿಂದ ಅವಳನ್ನು ಬಿಡಲು ಬಂದಿದ್ದ ನಿಮ್ಮ ಸಿದ್ದಬಸಪ್ಪ ಮೇಷ್ಟ್ರು ನಕ್ಕು ಕೆಮ್ಮಿಬಿಟ್ಟರು. ಐನೋ ಮಾತ್ರ ನಗಲಿಲ್ಲ. ಚೀಲದಿಂದ ಪುಸ್ತಕ ತೆಗೆದು ಸಾಟಿ ಮದುವೆ ಎಂದರೇನು ಎಂದು ಬರೆದುಕೊಂಡಳು.

ಅವಳ ಕನ್ನಡ ಮೈಸೂರಿನ ಪಾಠದ ಕನ್ನಡ. ಕುಯಿಲಿನ ಹೆಂಗಸರ ಹತ್ತಿರ ಹೋಗಿ "ತಾವು ಎಷ್ಟು ಗಂಟೆಗೆ ಏಳುತ್ತೀರಿ?" ಎನ್ನುವಳು. ಅವರು ಬಾಯಿಗೆ ಸೆರಗು ಒತ್ತಿಕೊಂಡು "ತಾವು ಕೋಳಿ ಕೂಗ್ದಾಗ ಏಳ್ತೀವಿ" ಎನ್ನುವರು. ಅದಕ್ಕೇ ನನ್ನನ್ನು ಜೊತೆಗೆ ಕಳಿಸಿದರು. ನಾನು ಯಾರ ಎದುರೂ ಮಾತಾಡುವವಳಲ್ಲ ಎಂದು ನಿನಗೆ ಗೊತ್ತು. ಆದರೆ ಅವಳೂ ಹೆಚ್ಚು ಮಾತಾಡುವವಳಲ್ಲ, ನೋಡುವವಳು. ಇಬ್ಬರೂ ಸುಮ್ಮನೆ ಗಿಡದ ಸಾಲಿನಲ್ಲಿ ನಡೆಯುತ್ತಿದ್ದೆವು. ತಮ್ಮ ದೇಶದವರು ದಿನಕ್ಕೆ ಐದಾರು ಲೋಟ ಕಾಫಿ ಕುಡಿಯುತ್ತಾರೆ, ಹಣ್ಣು ಕಿತ್ತವರ ಒಂದು ಹೆಸರೂ ಯಾರಿಗೂ ಗೊತ್ತಿಲ್ಲ, ಅದಕ್ಕೇ ಹೆಸರುಗಳನ್ನು ಹುಡುಕಿಕೊಂಡು ಬಂದೆ ಎಂದು ಒಂದು ದಿನ ಹೇಳಿದಳು. ಆಗ ಆ ಮಾತು ನನಗೆ ಬಹಳ ಹಿಡಿಸಿತು.

ಇನ್ನು ಮುಂದೆ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೈಯಬೇಡ. ಒಂದೊಂದಾಗಿ ಬರೆದರೆ ಮಾತ್ರ ನನಗೆ ಕಾಣುವುದು.

ಬೆಳಿಗ್ಗೆ ಏಳೂಕಾಲಿಗೆ ತೂಗುಹಾಕಿದ ಕಂಬಿಯನ್ನು ಬಡಿದ ಮೇಲೆ ಅಪ್ಪ, ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ಹಾಜರಿ ಕೂಗುತ್ತಾರೆ. ಒಬ್ಬೊಬ್ಬರೇ ಓಗೊಟ್ಟು ಬುಟ್ಟಿ ತೆಗೆದುಕೊಂಡು ಹೋಗುತ್ತಾರೆ. "ಜವರಮ್ಮಾ" ಎಂದಾಗ ಓಗೊಡುವವಳು ದೇವೀರಮ್ಮ. ಜವರಮ್ಮ ಅವಳ ಅಕ್ಕ. ಹದಿನಾರು ವರ್ಷದ ಹಿಂದೆ, ತನ್ನ ಮಗಳು ದಿವ್ಯಾ ಮೂರು ತಿಂಗಳ ಕೂಸಾಗಿದ್ದಾಗ, ಜ್ವರದಲ್ಲಿ ತೀರಿಕೊಂಡಳು. ಕೂಸಿನ ಅಪ್ಪ ಅದಕ್ಕೂ ಮೊದಲೇ ಎಲ್ಲಿಗೋ ಹೋಗಿಯಾಗಿತ್ತು. ಕಡೂರಿನ ಕಡೆಯ ಹಳ್ಳಿಯಿಂದ ದೇವೀರಮ್ಮ ಕೂಸು ನೋಡಿಕೊಳ್ಳಲು ಬಂದಳು. ಜವರಮ್ಮ ಪರ್ಮನೆಂಟ್ ಆಳು, ಅದಕ್ಕೇ ಅವಳಿಗೆ ಲೈನಿನ ಸಾಲುಮನೆಗಳಲ್ಲಿ ಒಂದು ಮನೆ. ಹೊಸಬರನ್ನು ಪರ್ಮನೆಂಟ್ ಮಾಡುವುದನ್ನು ಆಗಲೇ ನಿಲ್ಲಿಸಿದ್ದರು. ಹೆಸರು ಹೊಡೆದುಹಾಕಿದರೆ ಮನೆ ಹೋಗುತ್ತದೆ, ಕೂಸನ್ನು ಎತ್ತಿಕೊಂಡು ಆ ಹುಡುಗಿ ಎಲ್ಲಿಗೆ ಹೋಗಬೇಕು? ಮಣ್ಣು ಮಾಡಿದ ನಾಲ್ಕನೆಯ ದಿನ, ಸೋಮವಾರ, ಅಪ್ಪ ಎಂದಿನಂತೆ "ಜವರಮ್ಮಾ" ಎಂದು ಕೂಗಿದರಂತೆ. ಅಪ್ಪ ಇನ್ನೊಂದು ಸಲ ಕೂಗಿದರಂತೆ. ಆಗ ಹಿಂದಿನಿಂದ ದೇವೀರಮ್ಮ "ಹಾಂ" ಎಂದಳಂತೆ. ಮೇಸ್ತ್ರಿ ಬುಟ್ಟಿ ಕೊಟ್ಟರು. ಅಷ್ಟೇ. ನಮ್ಮ ಕಡೆ ಹೀಗೆ ಸತ್ತವರ ಹೆಸರಿಗೆ ಇದ್ದವರು ಓಗೊಡುವುದು ಹೊಸದಲ್ಲ, ಲೈನಿನವರಿಗೆಲ್ಲ ಗೊತ್ತಿರುತ್ತದೆ, ಆಫೀಸಿಗೆ ಗೊತ್ತಿರುವುದಿಲ್ಲ.

ಅವಳ ನಿಜವಾದ ಹೆಸರನ್ನು ಈಗ ಯಾರೂ ಎಲ್ಲೂ ಬರೆಯುವುದಿಲ್ಲ, ನಾನು ಬರೆಯುವ ಕಾಗದಗಳಲ್ಲಿ ಬಿಟ್ಟು. ಏಳನೇ ಕ್ಲಾಸಿಗೆ ನಾನು ಶಾಲೆ ಬಿಟ್ಟ ವರ್ಷದಿಂದ ಲೈನಿನ ಹೆಂಗಸರ ಕಾಗದ ಬರೆಯುತ್ತಿದ್ದೇನಲ್ಲ, ಮೊದಲು ಬಂದವಳೇ ದೇವೀರಮ್ಮ. ಜಗಲಿಯಲ್ಲಿ ಕೂತು, ಯಾರೋ ಎದುರಿಗೇ ಇದ್ದಾರೆ ಅನ್ನುವ ಹಾಗೆ ಹೇಳುತ್ತಾಳೆ. ಕೊನೆಗೆ ಪ್ರತಿ ಸಲವೂ "ನಿನ್ನ ಮಗಳು ದೇವೀರಮ್ಮ ಅಂತ ದೊಡ್ಡದಾಗಿ ಬರಿ ಗಿರಿಜ" ಎನ್ನುತ್ತಾಳೆ. ಬರೆದ ಮೇಲೆ ಅಲ್ಲಿ ಬೆರಳಿಟ್ಟು ನೋಡುತ್ತಾಳೆ. ಕಾಗದ ಬರೆದು ಮುಗಿಸಿದ ಮೇಲೆ ಅದರೊಳಗಿನದನ್ನು ಮರೆತುಬಿಡಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿಲ್ಲ, ನಾನೇ ಮಾಡಿಕೊಂಡ ನಿಯಮ. ಅಮ್ಮನಿಗೂ ಹೇಳಿದವಳಲ್ಲ. ಒಂಬತ್ತು ವರ್ಷ ಹಾಗೇ ನಡೆಸಿದೆ ಅಕ್ಕ. ಆಮೇಲೆ ಒಂದು ಮಧ್ಯಾಹ್ನ ಕೆಡಿಸಿಬಿಟ್ಟೆ.

ಐನೋ ಹೊರಡುವ ಹಿಂದಿನ ದಿನ. ನಾನು ಅಡುಗೆಮನೆಯಲ್ಲಿ ಹಲಸಿನ ಹಪ್ಪಳ ಕಟ್ಟುತ್ತಿದ್ದೆ, ಅವಳಿಗೆ ಕೊಟ್ಟು ಕಳಿಸಲು. ಅವಳು ಬಂದು ನನ್ನ ಎದುರು ನೆಲದ ಮೇಲೆ ಕೂತು ಪುಸ್ತಕ ಬಿಚ್ಚಿಟ್ಟಳು. ಹನ್ನೊಂದು ಜನರ ಹೆಸರು, ವಯಸ್ಸು, ಊರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಖಾತ್ರಿ ಮಾಡಿಕೊಳ್ಳದೆ ಬರೆಯಬಾರದು ಎಂದು ಅವರಲ್ಲಿ ಮೊದಲ ಪಾಠವಂತೆ. "ಗಿರಿಜಾ, ನೀವು ಇದನ್ನು ತಿದ್ದಿ ಕೊಡಿ" ಎಂದು ಪೆನ್ನು ನನ್ನ ಕೈಗೆ ಕೊಟ್ಟಳು. ಓದಿದವರು ಬರೆದದ್ದನ್ನು ತಿದ್ದು ಎಂದು ನನಗೆ ಯಾರಾದರೂ ಹೇಳಿದ್ದು ಅದೇ ಮೊದಲು. ಕೈ ತೊಳೆದುಕೊಂಡು ಬಂದೆ. ಒಬ್ಬರ ಊರು ಸಂಸೆ ಎಂದು ಇದ್ದಲ್ಲಿ ಕಳಸ ಎಂದು ತಿದ್ದಿದೆ. ಒಬ್ಬರ ವಯಸ್ಸು ತಿದ್ದಿದೆ. ನಂತರ "ಜವರಮ್ಮ, ೩೬, ಬಾಳೂರು" ಎಂದು ಇತ್ತು. ಅಲ್ಲಿಗೆ ಬಂದಾಗ ನನ್ನ ಕೈ ತಡೆಯಲಿಲ್ಲ. ಒಂದು ಗೆರೆ ಎಳೆದು ಪಕ್ಕದಲ್ಲಿ ದೇವೀರಮ್ಮ ಎಂದು ಬರೆದೆ, ಕಾಗದದ ಕೊನೆಯಲ್ಲಿ ಬರೆಯುವ ಹಾಗೆಯೇ, ದೊಡ್ಡದಾಗಿ. ಅವಳು ಯಾಕೆ ಎಂದಳು. ನಾನು ಎಲ್ಲ ಹೇಳಿದೆ. ನನ್ನಷ್ಟು ಸರಿಯಾಗಿ ಗೊತ್ತಿರುವವರು ಇಲ್ಲ ಅನ್ನುವ ಹೆಮ್ಮೆಯಲ್ಲಿ ಹೇಳಿದೆ. ಅವಳು ತಲೆಯೆತ್ತದೆ ಬರೆದುಕೊಂಡಳು. ಆಗಲೂ ನನಗೆ ಏನೂ ಅನಿಸಲಿಲ್ಲ ಅಕ್ಕ.

ಮೊನ್ನೆ ಸೋಮವಾರ ಅಂಚೆಯ ಗುರುವಯ್ಯನವರು ಗೇಟಿನ ಹತ್ತಿರ ನನ್ನ ಕೈಗೇ ಒಂದು ದಪ್ಪ ಲಕೋಟೆ ಕೊಟ್ಟರು. "ಎಂತ ಗಿರಿಜಮ್ಮ, ನೀನೂ ಕಾಲೇಜಿಗೆ ಸೇರಿದ್ಯಾ?" ಎಂದು ತಮಾಷೆ ಬೇರೆ. ಐನೋ ಮೈಸೂರಿನಿಂದ ಕಳಿಸಿದ್ದು. ನಿಮ್ಮ ಎರಡೂ ಕಡೆಯ ವಿದ್ಯಾರ್ಥಿಗಳು ಸೇರಿ ತರುವ ಪುಸ್ತಕದಲ್ಲಿ ಅವಳ ಬರಹ ಬರುತ್ತದೆ, ಕನ್ನಡದ್ದು ಹೀಗಿದೆ, ತಪ್ಪಿದ್ದರೆ ಹೇಳಿ ಎಂದು ಬರೆದಿದ್ದಳು. ಮೇಷ್ಟ್ರ ಕ್ಲಾಸಿನವರು ಕನ್ನಡಕ್ಕೆ ಮಾಡಿದ್ದಂತೆ. ತಲೆಬರಹವೇ "ಅಕ್ಕನ ಹೆಸರಿಗೆ ಓಗೊಡುವ ತಂಗಿ". ಕೆಳಗೆ ದೇವೀರಮ್ಮನ ಫೋಟೋ, ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದು. ಫೋಟೋದ ಕೆಳಗೆ ಹೆಸರು, ವಯಸ್ಸು, ಕಡೂರಿನ ಕಡೆಯ ಊರು, ನಮ್ಮ ಎಸ್ಟೇಟಿನ ಹೆಸರು.

ಬರಹ ಚೆನ್ನಾಗಿದೆ. ಅದನ್ನು ಮೊದಲು ಹೇಳಬೇಕು. ಅದರಲ್ಲಿ ಒಂದು ಮಾತಿದೆ: ಹಾಜರಿಯಲ್ಲಿ ಆ ಹೆಸರು ಕೂಗಿದಾಗ ಅವಳು ಕೂಡಲೇ ಓಗೊಡುವುದಿಲ್ಲ, ಒಂದು ಉಸಿರು ಕಾಯುತ್ತಾಳೆ, ಓಗೊಡಬೇಕಾದವಳು ಬಂದರೂ ಬಂದಾಳು ಅನ್ನುವ ಹಾಗೆ. ಹದಿನಾರು ವರ್ಷದಿಂದ ನಮ್ಮ ಅಂಗಳದ ಎದುರೇ ನಡೆಯುವ ಹಾಜರಿ ಅದು. ಅಪ್ಪನ ಪಂಚೆ ಹಿಡಿದುಕೊಂಡು ನೀನೂ ನಿಂತಿದ್ದೆ, ನಾನೂ ನಿಂತಿದ್ದೆ. ನಮಗೆ ಆ ಒಂದು ಉಸಿರು ಕೇಳಿಸಿರಲಿಲ್ಲ. ನಿನ್ನೆ ಬೆಳಿಗ್ಗೆ ಬೇಕೆಂದೇ ಹೋಗಿ ನಿಂತು ಕೇಳಿದೆ. ಹೌದು, ಕಾಯುತ್ತಾಳೆ.

ನಿನ್ನ ಕಾಗದ ಶನಿವಾರ ಬಂತು. ಐನೋಳ ಬರಹವನ್ನು ನಿಮ್ಮ ಪ್ರೊಫೆಸರ್ ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿಸಿದರು, ಅದನ್ನೇ ಪುಸ್ತಕದ ಮೊದಲಿಗೆ ಹಾಕುತ್ತಾರೆ, ಕನ್ನಡದ ಪುಟಗಳಿಗೆಲ್ಲ ನೀನೇ ಸಂಪಾದಕಿ, ಮಾರ್ಚ್ ಇಪ್ಪತ್ತಕ್ಕೆ ಅಚ್ಚಿಗೆ ಹೋಗುತ್ತದೆ ಎಂದು ಎಷ್ಟು ಸಂತೋಷದಿಂದ ಬರೆದಿದ್ದೀಯ. "ಸತ್ಯ ಬರೆಯುವುದು ಎಂದರೇನು ಎಂದು ಇಲ್ಲಿ ಬಂದು ಗೊತ್ತಾಯಿತು" ಎಂದೂ ಬರೆದಿದ್ದೀಯ. ಅಪ್ಪ ಆ ಸಾಲನ್ನು ಎರಡು ಸಲ ಓದಿಸಿದರು. ಬರಹ ಯಾರ ಬಗ್ಗೆ ಎಂದು ನೀನು ಬರೆದಿರಲಿಲ್ಲ, ಅವರು ಕೇಳಲೂ ಇಲ್ಲ. ಪುಸ್ತಕ ಬಂದ ಮೇಲೆ ಒಂದು ಪ್ರತಿ ಎಸ್ಟೇಟಿನ ಯಜಮಾನರಿಗೆ, ಅವರೇ ಜೀಪು ಕೊಟ್ಟು ಸಹಾಯ ಮಾಡಿದ್ದು ಎಂದು ನೀನು ಬರೆದಿದ್ದಕ್ಕೆ ಅಪ್ಪ ಆಗಲೇ ನಾಗೇಶ ಗೌಡರಿಗೆ ಹೇಳಿ ಬಂದಿದ್ದಾರೆ. ಗೌಡರು "ಕಟ್ಟು ಹಾಕ್ಸಿ ಆಫೀಸಲ್ಲೇ ತೂಗಾಕಣ ಬಿಡಿ ರೈಟರ್ರೇ" ಎಂದರಂತೆ.

ಅಕ್ಕ, ಅಲ್ಲಿಂದ ನೋಡಿದರೆ ಇದು ಒಳ್ಳೆಯ ಕಥೆಯಾಗಿ ಕಾಣುತ್ತದೆ. ಇಲ್ಲಿ ಏನಾಗಿದೆ ಎಂದು ಹೇಳುತ್ತೇನೆ. ಕಾಫಿಗೆ ಬೆಲೆ ಬಿದ್ದ ಮೇಲೆ ಗೌಡರ ಮಗ ಅಶ್ವಿನ್ ಅವರೇ ಎಲ್ಲ ನೋಡಿಕೊಳ್ಳುತ್ತಿದ್ದಾರೆ. ಪರ್ಮನೆಂಟ್ ಆಳುಗಳನ್ನು ಕಡಿಮೆ ಮಾಡಲು ಒಂದು ನೆಪ ಸಿಕ್ಕರೆ ಸಾಕು. ದೀಪಾವಳಿಯ ಮುಂಚೆ ಎರಡನೇ ಲೈನಿನಲ್ಲಿ ಸತ್ತ ಅಜ್ಜನ ಹೆಸರಿಗೆ ಮೊಮ್ಮಗ ಬರುತ್ತಿದ್ದ ಎಂದು ಗೊತ್ತಾಗಿ ಮೂರು ದಿನದಲ್ಲಿ ಮನೆ ಬಿಡಿಸಿದರು. ಪಾತ್ರೆಪಗಡ ಎಲ್ಲ ರಸ್ತೆ ಬದಿಯಲ್ಲಿ ಇಟ್ಟುಕೊಂಡು ಕಳಸದ ಬಸ್ಸಿಗೆ ಕಾದರು. ನೀನು ಆಗ ಪರೀಕ್ಷೆಯ ಗಡಿಬಿಡಿಯಲ್ಲಿದ್ದೆ, ನಾವು ಬರೆಯಲಿಲ್ಲ. ಆ ಪುಸ್ತಕ ಗೌಡರ ಆಫೀಸಿಗೆ ಬಂದರೆ ದೇವೀರಮ್ಮನಿಗೂ ಅದೇ. ದಿವ್ಯಾಗೆ ಈ ಸಲ ಎಸ್ಸೆಸ್ಸೆಲ್ಸಿ. ಪರೀಕ್ಷೆ ಮುಗಿದ ಮೇಲೆ ಕಾಲೇಜಿಗೂ ಕಳಿಸಬೇಕು ಎಂದು ದೇವೀರಮ್ಮ ಹಟ ಹಿಡಿದಿದ್ದಾಳೆ. ಇಲ್ಲಿ ಮನೆ ಹೋದರೆ ಅವಳನ್ನು ಕರೆದುಕೊಂಡು ಯಾವ ಊರಿಗೆ ಹೋಗುತ್ತಾಳೆ? ಅಪ್ಪನ ವಿಷಯ ನಾನು ಬರೆಯಬೇಕಾಗಿಲ್ಲ. ಹದಿನಾರು ವರ್ಷ ಆ ಹೆಸರು ಕೂಗಿದವರು ಅವರೇ. ತಿಳಿದೂ ಕೂಗಿದರು. ಅವರು ಮಾಡಿದ್ದು ತಪ್ಪು ಎಂದು ನಿಮ್ಮ ಪ್ರೊಫೆಸರ್ ಹೇಳಬಹುದು. ಇರಬಹುದು. ಆದರೆ ಕೂಸಿನ ಹಾಲಿಗೆ ಅವತ್ತು ಬೇರೆ ದಾರಿ ಯಾವುದಿತ್ತು ಎಂದು ಅವರನ್ನೂ ಕೇಳು.

ಸುಳ್ಳು ಬರೆ ಎಂದು ನಾನು ಕೇಳುತ್ತಿಲ್ಲ. ನನಗೆ ನಿನ್ನಷ್ಟು ತಿಳಿಯುವುದಿಲ್ಲ. ನನಗೆ ತಿಳಿದಿರುವುದು ಇಷ್ಟೇ: ಆ ಹೆಸರು ಐನೋಳಿಗೆ ದೇವೀರಮ್ಮ ಕೊಟ್ಟದ್ದಲ್ಲ. ಅವಳು ಕೊಟ್ಟದ್ದು ಜವರಮ್ಮ ಎಂಬ ಹೆಸರು. ಇದು ನಾನು ಕೊಟ್ಟದ್ದು, ನನ್ನದಲ್ಲದ್ದನ್ನು. ನನ್ನ ಹತ್ತಿರ ಕಾಗದ ಬರೆಸಲು ಇಟ್ಟ ನಂಬಿಕೆಯಿಂದ ತೆಗೆದು ಕೊಟ್ಟೆ. ಅದಕ್ಕೇ ಅದನ್ನು ವಾಪಸು ಕೇಳುತ್ತಿದ್ದೇನೆ. ಹೆಸರು, ಫೋಟೋ, ಎಸ್ಟೇಟಿನ ಹೆಸರು, ಮೂರೂ ತೆಗೆಸು. ಐನೋಳಿಗೆ ನೀನೇ ಬಿಡಿಸಿ ಬರಿ, ಅವಳು ಕೆಟ್ಟವಳಲ್ಲ, ತಿಳಿದುಕೊಳ್ಳುತ್ತಾಳೆ. ಬರಹವನ್ನು ಮೊದಲಿಗೆ ಹಾಕದೆ ಹೋದರೆ, ನಿನ್ನ ಪ್ರೊಫೆಸರ್ ಬೇಸರ ಮಾಡಿಕೊಂಡರೆ, ಅದು ನನ್ನಿಂದ ನಿನಗಾದ ನಷ್ಟ. ಅದಕ್ಕೆ ಏನು ಮಾಡಬೇಕೋ ನನಗೆ ಗೊತ್ತಿಲ್ಲ. ಕೋಪ ಬಂದರೆ ಬೈದು ಕಾಗದ ಬರಿ, ಓದುತ್ತೇನೆ.

ಫೋನು ಮಾಡಬಹುದಿತ್ತು. ಆದರೆ ಬಾಳೂರಿನ ಬೂತಿನಲ್ಲಿ ಫಿನ್ಲೆಂಡಿಗೆ ಎಂದರೆ ಹತ್ತು ಜನ ಸುತ್ತ ನಿಂತು ಕೇಳುತ್ತಾರೆ. ಈ ವಿಷಯ ಕೂಗಿ ಹೇಳುವಂಥದ್ದಲ್ಲ. ಅಪ್ಪನಿಗೂ ಹೇಳಿಲ್ಲ. ಐನೋ ಕಳಿಸಿದ ಹಾಳೆಗಳನ್ನು ಹುರುಳಿಯ ಡಬ್ಬದಲ್ಲಿ ಇಟ್ಟಿದ್ದೇನೆ. ದೇವೀರಮ್ಮನಿಗೂ ಹೇಳಿಲ್ಲ. ಎರಡು ದಿನದಿಂದ ಅವಳು ಎದುರಾದರೆ ನಾನು ಬಾವಿಯ ಕಡೆ ತಿರುಗುತ್ತೇನೆ. ನಿನ್ನೆ ಅವಳೇ ಕೂಗಿ "ಏನ್ ಗಿರಿಜ, ದೊಡ್ಡ ಮನ್ಸೆ ಆಗ್ಬಿಟ್ಯಾ, ಮಾತೇ ಇಲ್ಲ?" ಎಂದಳು. ನಗಲು ನೋಡಿದೆ, ಆಗಲಿಲ್ಲ.

ಅಜ್ಜಿ ನಿನ್ನ ಹಣೆಗೆ ವಿಭೂತಿ ಹಚ್ಚಿದ್ದಾರೆ ಎಂದುಕೊಳ್ಳಬೇಕಂತೆ. ಅಪ್ಪ ಅಮ್ಮನ ಆಶೀರ್ವಾದ ನಿನ್ನ ಮೇಲಿದೆ. ಟೋಪಿ ಹಾಕದೆ ಹೊರಗೆ ಹೋಗಬೇಡ.

ನಿನ್ನ ತಂಗಿ,
ಗಿರಿಜಾಂಬಾ

ಮರೆತದ್ದಲ್ಲ, ಆಮೇಲೆ ನಡೆದದ್ದು: ಕಾಗದ ಅಂಟಿಸಲು ಗಂಜಿ ಹಚ್ಚಿದವಳು ಹಾಗೇ ಬಿಟ್ಟು, ಐನೋ ಕಳಿಸಿದ ಹಾಳೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಣಕ್ಕೆ ಹೋದೆ. ಅವಳನ್ನು ಕೇಳದೆ ಹೆಸರು ಕೊಟ್ಟೆ, ಕೇಳದೆ ತೆಗೆಸುವುದೂ ಅದೇ ತಪ್ಪು ಎಂದು ಕಂಡಿತು. ದೇವೀರಮ್ಮ ಒಬ್ಬಳೇ ಹಣ್ಣು ಕೈಯಾಡಿಸುತ್ತಿದ್ದಳು. ಎಲ್ಲ ಹೇಳಿದೆ, ಎಲ್ಲ ಓದಿದೆ. ಫೋಟೋದ ಕೆಳಗಿನ ಸಾಲನ್ನು ಮೂರು ಸಲ ಓದಿಸಿದಳು. ತನ್ನ ಹೆಸರು ಯಾವುದು ಎಂದು ನನ್ನಿಂದ ತೋರಿಸಿಕೊಂಡು ಅದರ ಮೇಲೆ ಬೆರಳಿಟ್ಟಳು. "ನಿನ್ ಕೈ ಸೇದೋಗ್ಲಿ, ಎಷ್ಟ್ ಚೆಂದ ಹಾಕ್ಸಿದೀಯೇ" ಎಂದಳು. ಬೈದದ್ದು ಅಷ್ಟೇ. ಕೊನೆಗೆ ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ: "ತೆಗ್ಸು. ಮಗಾ ಪರೀಕ್ಷೆ ಬರೀಬೇಕು. ನಮ್ಮಕ್ಕನ ಹೆಸ್ರೂ ಹಾಕ್ಬೇಡಿ, ಅವ್ಳು ಈ ಮಾತು ಆಡಿಲ್ಲ, ಸತ್ತೋಳ ಬಾಯಿಗೆ ನನ್ ಮಾತು ತುರುಕ್ಬೇಡಿ. ಒಬ್ಳು ಹೆಂಗ್ಸು ಅಂತ ಬರೀರಿ. ಆದ್ರೆ ಒಂದ್ ಪುಸ್ತಕದಲ್ಲಿ, ಒಂದೇ ಒಂದ್ರಲ್ಲಿ, ಹಿಂಗೇ ಇರ್ಲಿ ಅಂತ ರಶ್ಮೀಗೆ ಹೇಳು. ಈ ಫೋಟ, ಈ ಹೆಸ್ರು, ನಮ್ಮೂರು. ದಿವ್ಯಂಗೆ ಓದಕ್ ಬರ್ತದೆ, ಅವ್ಳು ನೋಡ್ಲಿ." ಒಂದೇ ಪ್ರತಿಯನ್ನು ಬೇರೆ ಮಾಡಿ ಅಚ್ಚು ಹಾಕಲು ಆಗುತ್ತದಾ ಅಕ್ಕ? ಆಗದಿದ್ದರೂ ಮಾಡಿಸು. ಅಂಚೆಗೆ ಹಾಕಬೇಡ, ಈ ಸಲ ಗುರುವಯ್ಯ ನನ್ನ ಕೈಗೆ ಕೊಟ್ಟರು, ಮುಂದಿನ ಸಲ ಎಸ್ಟೇಟಿನ ಅಂಚೆ ಚೀಲದಲ್ಲಿ ಹೋದರೆ ಆಫೀಸಿನಲ್ಲೇ ಬಿಚ್ಚುತ್ತಾರೆ. ನೀನು ಬರುವಾಗ ಸೀರೆಯ ಮಡಿಕೆಯಲ್ಲಿಟ್ಟು ಕೈಯಲ್ಲೇ ತಾ. ಅಲ್ಲಿಯವರೆಗೆ ಅವಳು ಕೇಳಿದಾಗಲೆಲ್ಲ ಡಬ್ಬದಿಂದ ಈ ಹಾಳೆ ತೆಗೆದು ಓದುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಟಪಾಲು ಒಯ್ಯುವ ಬಸ್ಸಿನ ಸದ್ದು ಕೇಳುತ್ತಿದೆ, ಓಡಬೇಕು. – ಗಿ.